ವಕೀಲರ ಪರಿಷತ್ತಿನ ಕೆಲಸಕ್ಕೆ ಬರ್ತೀರಾ? ಮಲೆನಾಡಿನ ವಕೀಲರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ ಕೋರ್ಟಿನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಕಿರಿಯರು ಬಂದು ಕೇಳಿದ್ದು, ಸಾಗರ, ಹೊಸನಗರ, ಸೊರಬದ ಸ್ನೇಹಿತರು ಫೋನಿನಲ್ಲಿ ಕೇಳಿದ್ದು, ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ತೀರ್ಥಹಳ್ಳಿಯವಳು. ಇಪ್ಪತ್ತಾರು ವರ್ಷದಿಂದ ಕರಿ ಕೋಟು ಹಾಕುತ್ತಿದ್ದೇನೆ. ಚುನಾವಣೆಗೆ ನಿಂತವಳಲ್ಲ, ಆದರೆ ಕೆಲವು ಕಾಲ ಶಿಸ್ತು ಸಮಿತಿಯಲ್ಲಿ ಹೊರಗಿನಿಂದ ಸೇರಿಸಿಕೊಂಡ ಸದಸ್ಯೆಯಾಗಿ ಕೂತಿದ್ದೆ. ನಮ್ಮ ಕಡೆಯಿಂದ ಇನ್ನಷ್ಟು ಜನ ಈ ಕೆಲಸಕ್ಕೆ ಹೋಗಬೇಕು ಅನ್ನುವ ಆಸೆ ನನಗೆ ಬಹಳ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಪರಿಷತ್ತು ಅಂದ್ರೆ ವಕೀಲರ ಸಂಘ ತಾನೇ?

ಅಲ್ಲ. ಸಂಘ ನಾವು ಕಟ್ಟಿಕೊಂಡದ್ದು. ಕೋರ್ಟಿರುವ ಊರಿನಲ್ಲೆಲ್ಲ ಇರುತ್ತದೆ. ಕೂರಲು ಜಾಗ, ಓದಲು ಪುಸ್ತಕ, ಜೊತೆಯವರಿಗೆ ಕಷ್ಟ ಬಂದರೆ ಸಹಾಯ, ಇವೆಲ್ಲ ಅದರ ಕೆಲಸ. ರಾಜ್ಯ ವಕೀಲರ ಪರಿಷತ್ತು ಹುಟ್ಟಿದ್ದು 1961ರ ವಕೀಲರ ಕಾಯ್ದೆಯಿಂದ. ಕಾನೂನು ಪದವಿ ಮುಗಿಸಿದವರಿಗೆ ಸನ್ನದು (ವಕೀಲಿ ಮಾಡುವ ಪರವಾನಗಿ) ಕೊಡುವುದು, ವಕೀಲರ ಪಟ್ಟಿ ಇಟ್ಟುಕೊಳ್ಳುವುದು, ತಪ್ಪು ಮಾಡಿದವರ ಮೇಲೆ ವಿಚಾರಣೆ ನಡೆಸುವುದು, ಅಗತ್ಯ ಬಿದ್ದರೆ ಆ ಸನ್ನದನ್ನು ವಾಪಸ್ ತೆಗೆದುಕೊಳ್ಳುವುದು ಅದರ ಅಧಿಕಾರ. ಸಂಘದ ಅಧ್ಯಕ್ಷರು ಎಷ್ಟೇ ಹಿರಿಯರಾಗಿರಲಿ, ಒಬ್ಬರ ಸನ್ನದು ಒಂದು ದಿನಕ್ಕೂ ಅಮಾನತು ಮಾಡಲಾರರು.

ನಮ್ಮ ತಪ್ಪು ನಾವೇ ವಿಚಾರಿಸಿಕೊಳ್ಳೋದು ಯಾಕೆ? ಸರ್ಕಾರವೋ ಕೋರ್ಟೋ ನೋಡಿಕೊಂಡರೆ ಆಗಲ್ವಾ?

ನಮ್ಮ ಜಿಲ್ಲೆಯ ಕಟ್ಲೆಗಳನ್ನೇ ನೆನೆಸಿಕೊಳ್ಳಿ. ಬಗರ್ ಹುಕುಂ ಅರ್ಜಿ ತಿರಸ್ಕಾರವಾದ ರೈತ, ಲಿಂಗನಮಕ್ಕಿ ಹಿನ್ನೀರಿಗೆ ಜಮೀನು ಕೊಟ್ಟು ಬಂದು ಇನ್ನೂ ಹಕ್ಕುಪತ್ರಕ್ಕೆ ಅಲೆಯುವ ಶರಾವತಿ ಸಂತ್ರಸ್ತರ ಮನೆಯವರು, ಒತ್ತುವರಿ ತೆರವಿನ ನೋಟಿಸು ಹಿಡಿದು ಬರುವವರು. ಇವರೆಲ್ಲರ ಎದುರುಕಕ್ಷಿ ಸರ್ಕಾರ. ಅವರ ಪರ ನಿಂತ ವಕೀಲನ ಸನ್ನದು ಅದೇ ಸರ್ಕಾರದ ಕೈಯಲ್ಲಿದ್ದರೆ ಆ ವಾದಕ್ಕೆ ಧೈರ್ಯ ಎಲ್ಲಿಂದ ಬರಬೇಕು?

ಮೊದಲು ಹೀಗಿರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ 1879ರ ಕಾಯ್ದೆಯ ಪ್ರಕಾರ ಪ್ಲೀಡರುಗಳನ್ನು ಸೇರಿಸಿಕೊಳ್ಳುವುದೂ ತೆಗೆಯುವುದೂ ಹೈಕೋರ್ಟುಗಳ ಕೈಯಲ್ಲಿತ್ತು. 1926ರಲ್ಲಿ ಪರಿಷತ್ತುಗಳು ಬಂದವು, ಆದರೂ ಕೊನೆಯ ಮಾತು ಕೋರ್ಟಿನದೇ. ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಆಯಿತು, 1953ರಲ್ಲಿ ವರದಿ ಬಂತು, 1961ರಲ್ಲಿ ಈಗಿನ ಕಾಯ್ದೆ. 1998ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನ್ಯಾಯಾಂಗ ನಿಂದನೆಯ ಪ್ರಕರಣದಲ್ಲಿ ಶಿಕ್ಷೆಯಾಗಿ ವಕೀಲರ ಸನ್ನದನ್ನು ತಾನು ಅಮಾನತು ಮಾಡುವಂತಿಲ್ಲ, ಅದು ಪರಿಷತ್ತಿನ ಕೆಲಸ ಎಂದು ಹೇಳಿತು. ದೇಶದ ಅತಿ ದೊಡ್ಡ ಕೋರ್ಟು ನಮಗೆ ಬಿಟ್ಟುಕೊಟ್ಟ ಜವಾಬ್ದಾರಿ ಅದು. ಅದನ್ನು ಹೊರಲು ಜನ ಬೇಕು.

ಎಷ್ಟು ಜನ ಸದಸ್ಯರು, ಹೇಗೆ ಆಗುತ್ತಾರೆ?

ಪಟ್ಟಿಯಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ವಕೀಲರಿರುವ ರಾಜ್ಯದಲ್ಲಿ 25 ಚುನಾಯಿತ ಸದಸ್ಯರು. ಕರ್ನಾಟಕ ಆ ಗುಂಪಿಗೆ ಸೇರುತ್ತದೆ. ಅವರ ಜೊತೆ ರಾಜ್ಯ ಸರ್ಕಾರದ ಮುಖ್ಯ ವಕೀಲರಾದ ಅಡ್ವೊಕೇಟ್ ಜನರಲ್ ಪದನಿಮಿತ್ತ ಸದಸ್ಯರು. ಅವಧಿ ಐದು ವರ್ಷ. ಚುನಾಯಿತರಲ್ಲಿ ಸರಿಸುಮಾರು ಅರ್ಧದಷ್ಟು ಜನ ಕನಿಷ್ಠ ಹತ್ತು ವರ್ಷ ವಕೀಲಿ ಮಾಡಿದವರಾಗಿರಬೇಕು. ಅಂದರೆ ಉಳಿದರ್ಧಕ್ಕೆ ಆ ಹತ್ತು ವರ್ಷದ ಕಟ್ಟು ಇಲ್ಲ. ಎಂಟನೇ ವರ್ಷದವರು ಬಂದು "ನಮಗೆ ವಯಸ್ಸಾಗಿಲ್ಲ ಮೇಡಂ" ಅಂದಾಗ ನಾನು ಈ ಸಾಲನ್ನೇ ತೋರಿಸುತ್ತೇನೆ.

ಮತ ಹಾಕುವುದು ಪ್ರಾಶಸ್ತ್ಯದ ಲೆಕ್ಕದಲ್ಲಿ: 1, 2, 3 ಎಂದು ಅಂಕಿ ಬರೆಯಬೇಕು. ಇಡೀ ರಾಜ್ಯವೇ ಒಂದು ಕ್ಷೇತ್ರ. ಹಾಗಾಗಿ ಶಿವಮೊಗ್ಗದವರು ಶಿವಮೊಗ್ಗದವರಿಗೆ ಮೊದಲ ಮತ ಕೊಟ್ಟರೆ ಮುಗಿಯಲಿಲ್ಲ. ಚಿಕ್ಕಮಗಳೂರು, ದಾವಣಗೆರೆ, ಉಡುಪಿಯವರ ಎರಡನೆಯ, ಮೂರನೆಯ ಪ್ರಾಶಸ್ತ್ಯ ಬೇಕೇ ಬೇಕು. ಅದು ಸಿಗುವುದು ಚುನಾವಣೆಯ ತಿಂಗಳಲ್ಲಿ ಕೈಮುಗಿದುಕೊಂಡು ಹೋಗುವುದರಿಂದಲ್ಲ, ಐದಾರು ವರ್ಷ ಅವರ ಕೋರ್ಟುಗಳಲ್ಲೂ ನಿಮ್ಮ ಹೆಸರಿಗೆ ಒಳ್ಳೆಯ ಮಾತು ಬಂದಿದ್ದರೆ.

ಚುನಾವಣೆ ನನ್ನ ಕೈಲಾಗಲ್ಲ. ಬೇರೆ ದಾರಿ ಇದೆಯಾ?

ಇದೆ, ಮತ್ತು ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ. ಶಿಸ್ತು ಸಮಿತಿಯಲ್ಲಿ ಮೂವರು. ಇಬ್ಬರು ಪರಿಷತ್ತಿನ ಸದಸ್ಯರು. ಮೂರನೆಯವರು ಪರಿಷತ್ತಿನ ಸದಸ್ಯರಾಗಿರಲೇಕೂಡದು; ಹತ್ತು ವರ್ಷ ವಕೀಲಿ ಮಾಡಿದ ಹೊರಗಿನ ಒಬ್ಬರನ್ನು ಪರಿಷತ್ತು ಸೇರಿಸಿಕೊಳ್ಳಬೇಕು. ಕಾಯ್ದೆಯ 9ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮತ ಕೇಳಿ ಬಂದವರ ಪಕ್ಕದಲ್ಲಿ ಯಾರ ಮತದ ಹಂಗೂ ಇಲ್ಲದ ಒಬ್ಬರು ಕೂರುವುದರಿಂದ ವಿಚಾರಣೆಗೆ ಎಷ್ಟು ಬಲ ಬರುತ್ತದೆ ಅನ್ನುವುದನ್ನು ನಾನು ಒಳಗೆ ಕೂತು ಕಂಡಿದ್ದೇನೆ. ಆ ಕುರ್ಚಿ ಮಲೆನಾಡಿನವರಿಗೆ ಹೇಳಿ ಮಾಡಿಸಿದಂತಿದೆ ಎಂದು ನನ್ನ ಅಭಿಪ್ರಾಯ.

ಆ ಕೆಲಸಕ್ಕೆ ಆಸಕ್ತಿ ಇದೆ ಎಂದು ಬಾಯಿ ಬಿಟ್ಟು ಹೇಳಬೇಕು. ನಮ್ಮ ಕಡೆಯವರಿಗೆ ಅದೇ ಕಷ್ಟ. ಕರೆದರೆ ಹೋಗೋಣ ಎಂದು ಕೂರುತ್ತೇವೆ. ಗೊತ್ತಿರುವ ಪರಿಷತ್ ಸದಸ್ಯರೊಬ್ಬರಿಗೆ ನೇರವಾಗಿ ಹೇಳಿ, ನಿಮ್ಮ ವೃತ್ತಿಯ ವಿವರ ಒಂದು ಪುಟದಲ್ಲಿ ಬರೆದು ಕೊಡಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಶಿಸ್ತು ಸಮಿತಿ ಬಿಟ್ಟು ಬೇರೆ ಏನು ಕೆಲಸ ಇರುತ್ತೆ?

ಮೂವರ ನೋಂದಣಿ ಸಮಿತಿ, ಐವರ ಕಾರ್ಯಕಾರಿ ಸಮಿತಿ, ಕಾನೂನು ನೆರವು ಸಮಿತಿ. 1983ರ ಕಾಯ್ದೆಯ ಕಲ್ಯಾಣ ನಿಧಿ ಇದೆಯಲ್ಲ, ವಕಾಲತ್ತಿಗೆ ಅಂಟಿಸುವ ಆ ಸ್ಟಾಂಪಿನ ದುಡ್ಡು, ಅದರ ಹಿಂದೆಯೂ ಪರಿಷತ್ತೇ ಇದೆ.

ನೋಂದಣಿ ಶುಲ್ಕದ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾಯ್ದೆಯಲ್ಲಿ ಬರೆದಿರುವ ಶುಲ್ಕ ಒಟ್ಟು 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125. ದೇಶದ ಹಲವು ರಾಜ್ಯಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಇದಕ್ಕಿಂತ ಬಹಳ ಹೆಚ್ಚು ವಸೂಲಾಗುತ್ತಿತ್ತು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಕೂಲಿ ಮಾಡಿ ಮಗಳನ್ನು ಕಾನೂನು ಓದಿಸಿದ ಮನೆಗೆ ಆ ವ್ಯತ್ಯಾಸ ಏನು ಎಂದು ಗೊತ್ತಿರುವವರು ಪರಿಷತ್ತಿನಲ್ಲಿ ಕೂತಿದ್ದರೆ ಕೋರ್ಟಿನವರೆಗೆ ಹೋಗುವ ಅಗತ್ಯವೇ ಬೀಳುತ್ತಿರಲಿಲ್ಲ.

ದೂರು ಬಂದ ಮೇಲೆ ಒಳಗೆ ಏನು ನಡೆಯುತ್ತೆ?

ಮೊದಲು ಪರಿಷತ್ತು ದೂರನ್ನು ಓದುತ್ತದೆ. ವೃತ್ತಿಯ ದುರ್ನಡತೆ ಇದೆ ಎಂದು ನಂಬಲು ಕಾರಣ ಕಂಡರೆ 35ನೇ ಸೆಕ್ಷನ್ ಪ್ರಕಾರ ಶಿಸ್ತು ಸಮಿತಿಗೆ ಕಳಿಸುತ್ತದೆ. ಸಮಿತಿ ವಕೀಲರಿಗೂ ಅಡ್ವೊಕೇಟ್ ಜನರಲ್ ಅವರಿಗೂ ನೋಟಿಸು ಕೊಡುತ್ತದೆ. ಸಾಕ್ಷಿಗಳನ್ನು ಕರೆಸುವುದು, ಪ್ರಮಾಣ ಮಾಡಿಸುವುದು, ದಾಖಲೆ ತರಿಸುವುದು, ಈ ವಿಷಯಗಳಲ್ಲಿ ಸಿವಿಲ್ ಕೋರ್ಟಿನ ಅಧಿಕಾರವೇ ಇರುತ್ತದೆ. ಕೊನೆಗೆ ನಾಲ್ಕರಲ್ಲಿ ಒಂದು: ದೂರು ವಜಾ, ಛೀಮಾರಿ, ಇಂತಿಷ್ಟು ಕಾಲ ಅಮಾನತು, ಇಲ್ಲವೇ ಪಟ್ಟಿಯಿಂದ ಹೆಸರು ತೆಗೆಯುವುದು. ಒಪ್ಪದವರು 60 ದಿನದೊಳಗೆ ಭಾರತೀಯ ವಕೀಲರ ಪರಿಷತ್ತಿಗೆ, ಅಲ್ಲಿಂದ ಮತ್ತೆ 60 ದಿನದೊಳಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗಬಹುದು.

ಕಾಗದದ ಮೇಲೆ ಇಷ್ಟೇ. ಕುರ್ಚಿಯಲ್ಲಿ ಕೂತಾಗ ಗೊತ್ತಾಗುವುದು ಬೇರೆ. ಒಬ್ಬರ ಅನ್ನದ ಬಟ್ಟಲು ನಿಮ್ಮ ಕೈಯಲ್ಲಿರುತ್ತದೆ. ಎದುರಿಗೆ, ಮನೆ ಹೊಲ ಕಳೆದುಕೊಂಡೆ ಅನ್ನುವ ಇನ್ನೊಬ್ಬರು ಇರುತ್ತಾರೆ. ಕೇಸು ಸೋತ ಸಿಟ್ಟಿಗೆ ಬರೆದ ದೂರುಗಳೂ ಬರುತ್ತವೆ. ಸೋಲು ದುರ್ನಡತೆ ಅಲ್ಲ. ಪುರಾವೆ ಗಟ್ಟಿಯಾಗಿರಬೇಕು, ಅನುಮಾನದ ಮೇಲೆ ಸನ್ನದು ಕೀಳುವಂತಿಲ್ಲ. ಸಮಿತಿಯಲ್ಲಿದ್ದಷ್ಟು ದಿನ ಫೈಲು ಮನೆಗೆ ತಂದು ಎರಡೆರಡು ಸಲ ಓದುತ್ತಿದ್ದೆ, ಒಂದು ಸಲ ದೂರುದಾರರ ಕಡೆಯಿಂದ, ಒಂದು ಸಲ ವಕೀಲರ ಕಡೆಯಿಂದ.

ಪರಿಷತ್ತು ವಕೀಲರ ಪರ ಇರಬೇಕಲ್ವಾ? ನೀವು ಕಕ್ಷಿದಾರರ ಪರ ಮಾತಾಡ್ತೀರಲ್ಲ?

ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಹೊಸನಗರದ ಕಡೆಯ ಒಬ್ಬ ಹೆಂಗಸು ನೆನಪಾಗುತ್ತಾರೆ. ಅಡಿಕೆ ತೋಟದ ಪಾಲಿನ ದಾವೆ. ಮೊದಲಿನ ವಕೀಲರು ಬೇಡವೆಂದು ನನ್ನ ಹತ್ತಿರ ಬಂದಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು, ಅದರಲ್ಲಿ ಒಂದು ಪಹಣಿ, ಎರಡು ಕಂದಾಯದ ರಸೀದಿ. ಉಳಿದದ್ದೆಲ್ಲ ಎಲ್ಲಿ ಎಂದು ಕೇಳಿದೆ. ಎಂಟು ಸಾವಿರ ಫೀಸು ಬಾಕಿ ಇದೆಯಂತೆ, ಅದು ಕೊಡುವ ತನಕ ಫೈಲು ಕೊಡುವುದಿಲ್ಲ ಎಂದರಂತೆ. ಆ ಫೈಲಿನಲ್ಲಿ ಅವರ ಮಾವನ ಕಾಲದ ಪಾಲುಪಟ್ಟಿ ಇತ್ತು. ನೋಂದಣಿ ಆಗದ್ದು. ಹಾಗಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಸಿಗುವಂಥದ್ದಲ್ಲ, ಇರುವುದೇ ಆ ಒಂದು ಹಾಳೆ. ಅಡಿಕೆ ಕೊಯ್ಲು ಮುಗಿದ ಮೇಲೆ ದುಡ್ಡು ಹೊಂದಿಸುತ್ತೇನೆ ಎಂದರೂ ಕೇಳಿರಲಿಲ್ಲ. ಸೆರಗಿನಲ್ಲಿ ಕವರು ಒರೆಸಿಕೊಳ್ಳುತ್ತಾ ಅವರು ಕೇಳಿದ್ದು ಒಂದೇ ಮಾತು: "ಲಾಯರಮ್ಮ, ಇವ್ರ ಮೇಲೆ ಕೇಳೋರು ಯಾರೂ ಇಲ್ವಾ?"

ಫೀಸು ಬಾಕಿ ಇದೆ ಎಂದು ಕಕ್ಷಿದಾರರ ಕಾಗದ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, ಅದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಫೀಸಿಗೆ ಬೇಕಾದರೆ ಬೇರೆ ದಾವೆ ಹಾಕಬೇಕು. ಆ ಮೊದಲಿನ ವಕೀಲರಿಗೆ ಇಷ್ಟನ್ನು ಮರ್ಯಾದೆಯಾಗಿ ಒಂದು ಕಾಗದದಲ್ಲಿ ಬರೆದೆ, ಪರಿಷತ್ತಿಗೆ ದೂರು ಕೊಡಬೇಕಾಗುತ್ತದೆ ಎಂದು ಕೊನೆಯ ಸಾಲಿನಲ್ಲಿ ಸೇರಿಸಿದೆ. ಮೂರನೇ ದಿನ ಅವರ ಗುಮಾಸ್ತರು ಫೈಲು ತಂದುಕೊಟ್ಟರು. ಫೈಲು ಬಂದದ್ದು ನನ್ನ ಕಾಗದ ಚೆನ್ನಾಗಿತ್ತು ಎಂದಲ್ಲ, ಕೊನೆಯ ಸಾಲಿನ ಹಿಂದೆ ಒಂದು ಪರಿಷತ್ತು ಇದೆ ಎಂದು.

ಇನ್ನೊಂದು ವಿಷಯ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ತೀರ್ಪು ಕೊಟ್ಟಿತು. ನಮ್ಮಲ್ಲಿ ಸಂತೋಷ ಪಟ್ಟವರು ಬಹಳ ಜನ. ಆದರೆ ಗ್ರಾಹಕರ ಆಯೋಗದ ಬಾಗಿಲು ಮುಚ್ಚಿದ ಮೇಲೆ ಆ ಹೊಸನಗರದ ಹೆಂಗಸಿನಂಥವರಿಗೆ ಉಳಿದ ಮುಖ್ಯ ಬಾಗಿಲು ಪರಿಷತ್ತಿನದು. ಅದನ್ನು ನಾವು ತೆರೆದಿಡದಿದ್ದರೆ ಹೊರಗಿನವರು ಬಂದು ನಮ್ಮನ್ನು ಆಳುತ್ತಾರೆ, ಮತ್ತು ಆಗ ಬೇಡ ಅನ್ನಲು ನಮಗೆ ಬಾಯಿ ಇರುವುದಿಲ್ಲ.

ಇದು ಬರೀ ಭಯದ ಮಾತಲ್ಲ, ನಮ್ಮ ನೆಲದಲ್ಲೇ ಆಗಿಹೋಗಿದೆ. ಗೇಣಿದಾರರು ಎದ್ದು ನಿಂತ 1951ರ ಕಾಗೋಡು ಸತ್ಯಾಗ್ರಹ ನಡೆದ ಜಿಲ್ಲೆ ಇದು. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ಉಳುವ ಜಮೀನಿನ ಹಕ್ಕು ಕೇಳುವ ಅರ್ಜಿ, ಫಾರಂ ನಂಬರ್ 7, ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ನಿಂತಾಗ ಅಲ್ಲಿ ವಕೀಲರು ಹಾಜರಾಗುವಂತಿಲ್ಲ ಎಂದು ಕಾನೂನೇ ಹೇಳಿತ್ತು. ದುಡ್ಡಿದ್ದ ಧಣಿಗಳಿಗೆ ಮಾತ್ರ ವಕೀಲರು ಸಿಗುತ್ತಾರೆ, ಗೇಣಿದಾರನಿಗೆ ಸಿಗುವುದಿಲ್ಲ ಎಂದು ಆಗಿನ ಹಿರಿಯರು ಹೇಳುತ್ತಿದ್ದುದನ್ನು ಕೇಳಿ ಬೆಳೆದವಳು ನಾನು. ಆ ನಿಷೇಧವನ್ನು 1987ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು, ಸರಿಯಾಗಿಯೇ ಮಾಡಿತು. ಆದರೂ ಬಡವನ ಕಣ್ಣಿಗೆ ವಕೀಲ ಯಾಕೆ ಹಾಗೆ ಕಂಡ ಅನ್ನುವ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಊರಲ್ಲೇ ಕೂತು ರಾಜಿ ಮಾಡಿಸಿದರೆ ದೂರು ಮುಗೀತಲ್ಲ?

ಮುಗಿಯುವುದಿಲ್ಲ. ದೂರುದಾರರು ವಾಪಸ್ ತೆಗೆದುಕೊಂಡರು, ರಾಜಿ ಆಯಿತು ಅನ್ನುವ ಒಂದೇ ಕಾರಣಕ್ಕೆ ವಿಚಾರಣೆ ಕೈಬಿಡುವಂತಿಲ್ಲ ಎಂದು ನಿಯಮದಲ್ಲೇ ಇದೆ. ನಮ್ಮ ಕಡೆ ಎಲ್ಲರೂ ಎಲ್ಲರಿಗೂ ನೆಂಟರು. ಒಂದು ಮದುವೆ ಮನೆಯಲ್ಲಿ, ಒಂದು ಕವಳದ ತಟ್ಟೆ ಮುಂದಿಟ್ಟುಕೊಂಡು "ಬಿಟ್ಟುಬಿಡು ಮಾರಾಯ" ಅಂದರೆ ಸಾಕು, ದೂರುದಾರ ಸುಮ್ಮನಾಗುತ್ತಾನೆ. ಆ ಸುಮ್ಮನಿರುವಿಕೆ ಎಷ್ಟು ಸಲ ಒತ್ತಡದಿಂದ ಬಂದದ್ದು ಎಂದು ಬಲ್ಲವರು ಈ ನಿಯಮದ ಬೆಲೆ ಅರಿತಿರುತ್ತಾರೆ.

ಗೊತ್ತಿರುವವರ ಮೇಲೇ ದೂರು ಬಂದರೆ?

ಎದ್ದು ಹೊರಗೆ ಹೋಗಬೇಕು. ನೆಂಟರು, ನಿಮ್ಮ ಸೀನಿಯರು, ನಿಮ್ಮ ಜೂನಿಯರು, ಎದುರುಕಕ್ಷಿಯಾಗಿ ನಿಂತ ಕೇಸು, ಯಾವುದಿದ್ದರೂ ಮೊದಲ ದಿನವೇ ಬರವಣಿಗೆಯಲ್ಲಿ ತಿಳಿಸಿ. ಸಮಿತಿಯ ಮಾತನ್ನು ಹೊರಗೆ ಆಡಬೇಡಿ. ಮನೆಯಲ್ಲೂ.

ಸಂಬಳ ಎಷ್ಟು?

ಇಲ್ಲ. ನಿಯಮದಂತೆ ಪ್ರಯಾಣದ ಖರ್ಚು, ಭತ್ಯೆ. ಆ ದಿನದ ನಿಮ್ಮ ಕೇಸುಗಳನ್ನು ಜೂನಿಯರಿಗೆ ಒಪ್ಪಿಸಿ ಹೋಗಬೇಕು. ಆ ನಷ್ಟ ನಿಮ್ಮದೇ.

ಎಷ್ಟು ಸಮಯ ಬೇಕು? ಬೆಂಗಳೂರಿಗೆ ಓಡಾಡುವುದು ಹೇಗೆ?

ನಮಗೆ ಇದೇ ದೊಡ್ಡ ತೊಡಕು. ಪರಿಷತ್ತಿನ ಸಭೆ ಸಾಮಾನ್ಯವಾಗಿ ಬೆಂಗಳೂರಿನ ಕೇಂದ್ರ ಕಚೇರಿಯಲ್ಲಿ. ಸಕಾರಣವಿಲ್ಲದೆ ಸತತ ಮೂರು ಸಭೆಗೆ ಬಾರದ ಚುನಾಯಿತ ಸದಸ್ಯರ ಸ್ಥಾನ ತೆರವು ಎಂದು ಪರಿಷತ್ತು ಘೋಷಿಸಬಹುದು. ತಾಳಗುಪ್ಪ-ಮೈಸೂರು ರಾತ್ರಿ ರೈಲು ಹತ್ತಿದರೆ ಬೆಳಗಿನ ಜಾವಕ್ಕೆ ಬೆಂಗಳೂರು. ನಾನು ಫೈಲು ಓದಿದ್ದು ಹೆಚ್ಚಾಗಿ ಆ ರೈಲಿನ ಕೆಳಗಿನ ಬರ್ತಿನಲ್ಲಿ.

ಒಂದು ಸಲ ಹೋಗಲಾಗಲಿಲ್ಲ. ಆಗಸ್ಟ್ ತಿಂಗಳು, ತೀರ್ಥಹಳ್ಳಿಯಿಂದ ಸಂಜೆ ಬಸ್ಸು ಹತ್ತಿದ್ದೆ. ಮಂಡಗದ್ದೆ ದಾಟುವ ಮೊದಲೇ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತು. ಮಳೆಯಲ್ಲಿ ಟಾರ್ಚ್ ಹಿಡಿದು ಜನ ಕೊಡಲಿ, ಗರಗಸ ಹಾಕುತ್ತಿದ್ದರು, ಪಕ್ಕದಲ್ಲಿ ತುಂಗೆ ಕೆಂಪಾಗಿ ಹರಿಯುತ್ತಿತ್ತು. ಶಿವಮೊಗ್ಗ ಮುಟ್ಟುವಾಗ ರೈಲು ಹೋಗಿತ್ತು. ಮರುದಿನ ಅಂತಿಮ ಆದೇಶದ ದಿನ. ಅಂತಿಮ ಆದೇಶಕ್ಕೆ ಮೂವರೂ ಹಾಜರಿರಲೇಬೇಕು, ಇಬ್ಬರಿದ್ದರೆ ಸಾಲದು. ಮುದ್ದತು ಬಿತ್ತು, ಆರು ವಾರ. ದೂರುದಾರರು ವಯಸ್ಸಾದವರು, ಉತ್ತರ ಕರ್ನಾಟಕದಿಂದ ಸ್ವಂತ ಖರ್ಚಿನಲ್ಲಿ ಬಂದು ಬೆಳಗಿನಿಂದ ಬೆಂಚಿನ ಮೇಲೆ ಕೂತಿದ್ದರಂತೆ. ಆಮೇಲೆ ನಾನು ಮಳೆಗಾಲದಲ್ಲಿ ಒಂದು ದಿನ ಮೊದಲೇ ಹೊರಡುತ್ತಿದ್ದೆ. ನೀವೂ ಹಾಗೆ ಮಾಡಿ.

ವಿಳಂಬಕ್ಕೆ ಇನ್ನೊಂದು ಬೆಲೆಯೂ ಇದೆ. ಒಂದು ವರ್ಷದೊಳಗೆ ತೀರ್ಮಾನವಾಗದ ದೂರು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ಸೊರಬದ ರೈತ ಬೆಂಗಳೂರಿಗೆ ಹೇಗೋ ಬರುತ್ತಾನೆ. ದೆಹಲಿಗೆ ಹೋಗುತ್ತಾನಾ? ಇನ್ನು ಒಂದು ಸಂಗತಿ ಯಾರೂ ಗಮನಿಸುವುದಿಲ್ಲ. ಬೇರೆ ಸಮಿತಿಗಳು ಕೇಂದ್ರ ಸ್ಥಾನದಲ್ಲೇ ಸೇರಬೇಕು ಎನ್ನುವ ಕಾಯ್ದೆ, ಶಿಸ್ತು ಸಮಿತಿಯನ್ನು ಆ ಕಟ್ಟಿನಿಂದ ಹೊರಗಿಟ್ಟಿದೆ. ಶಿಸ್ತು ಸಮಿತಿ ಶಿವಮೊಗ್ಗದಲ್ಲೂ ಕೂರಬಹುದು ಎಂದು ಒಳಗಿದ್ದು ಕೇಳುವವರು ಬೇಕು.

ತೀರ್ಪು ಒಪ್ಪದವರು ನನ್ನ ಮೇಲೇ ಕೇಸು ಹಾಕಿದರೆ?

ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ 48ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ.

ಹೆಣ್ಣುಮಕ್ಕಳಿಗೆ ಅಲ್ಲಿ ಜಾಗ ಇದೆಯಾ?

1923ರ ಕಾಯ್ದೆ ಬರುವ ತನಕ ಈ ದೇಶದಲ್ಲಿ ಹೆಣ್ಣು ಅನ್ನುವ ಕಾರಣಕ್ಕೇ ವಕೀಲಿ ನಿರಾಕರಿಸಬಹುದಿತ್ತು. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯ ಪರಿಷತ್ತುಗಳಲ್ಲಿ ಮಹಿಳೆಯರಿಗೆ ಶೇಕಡಾ 30ರಷ್ಟು ಪ್ರಾತಿನಿಧ್ಯ ಬೇಕು ಎಂದು ಹೇಳಿತು. ದಾರಿ ಈಗ ತೆರೆಯುತ್ತಿದೆ. ಸಾಗರದ, ಭದ್ರಾವತಿಯ ಹುಡುಗಿಯರೇ, ಯಾರಾದರೂ ಬಂದು ಕೈಹಿಡಿದು ಕರೆಯಲಿ ಎಂದು ಕಾಯಬೇಡಿ. ಜೀವನಾಂಶದ ಕೇಸಿನಲ್ಲಿ ವಕೀಲರಿಂದಲೇ ಅವಮಾನವಾದ ಹೆಂಗಸು ಮೂವರು ಗಂಡಸರ ಮುಂದೆ ಬಾಯಿ ಬಿಟ್ಟು ಹೇಳಲಾರಳು. ನೀವು ಕೂತಿದ್ದರೆ ಹೇಳುತ್ತಾಳೆ.

ನಾನು ವಕೀಲ ಅಲ್ಲ. ನನಗೆ ಅವಕಾಶ ಇದೆಯಾ?

ವಕೀಲರ ಪರಿಷತ್ತಿನಲ್ಲಿ ಇಲ್ಲ. ಬೇರೆ ವೃತ್ತಿಗಳಲ್ಲಿ ರಚನೆ ಬೇರೆ. ಲೆಕ್ಕ ಪರಿಶೋಧಕರ ಸಂಸ್ಥೆಯ ಮಂಡಳಿಯಲ್ಲಿ 32 ಚುನಾಯಿತರ ಜೊತೆ ಕೇಂದ್ರ ಸರ್ಕಾರ 8 ಜನರವರೆಗೆ ನಾಮನಿರ್ದೇಶನ ಮಾಡುತ್ತದೆ. ರಾಜ್ಯ ಫಾರ್ಮಸಿ ಪರಿಷತ್ತಿಗೆ ನೋಂದಾಯಿತ ಫಾರ್ಮಾಸಿಸ್ಟರು ತಮ್ಮೊಳಗಿನ 6 ಜನರನ್ನು ಆರಿಸುತ್ತಾರೆ, ರಾಜ್ಯ ಸರ್ಕಾರ 5 ಜನರನ್ನು ಹಾಕುತ್ತದೆ. ಪಶುವೈದ್ಯರಿಗೂ ತಮ್ಮದೇ ರಾಜ್ಯ ಪರಿಷತ್ತು ಇದೆ. ನೀವು ಯಾವ ವೃತ್ತಿಯವರೋ ಅದರ ಕಾಯ್ದೆ ತೆಗೆದು "ಪರಿಷತ್ತಿನ ರಚನೆ" ಎಂಬ ಸೆಕ್ಷನ್ ಮೊದಲು ಓದಿ. ನನ್ನನ್ನು ಕೇಳಿದರೆ ವಕೀಲರ ಪರಿಷತ್ತಿನಲ್ಲೂ ವಕೀಲರಲ್ಲದ ಒಬ್ಬಿಬ್ಬರು ಇರಬೇಕಿತ್ತು, ಒಬ್ಬ ನಿವೃತ್ತ ಮೇಷ್ಟ್ರು, ಒಬ್ಬ ತೋಟದವರು. ನನ್ನ ಜೊತೆಯವರು ಇದನ್ನು ಒಪ್ಪುವುದಿಲ್ಲ.

ಈಗಲೇ ಶುರು ಮಾಡಬೇಕೆಂದರೆ ಏನು ಮಾಡಲಿ?

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್‌ಗೆ ಅರ್ಜಿ ಹಾಕಿ. ಬಡ ಕಕ್ಷಿದಾರರ ಜೊತೆ ಕೂತು ಕೇಳುವ ಅಭ್ಯಾಸ ಅಲ್ಲಿ ಆಗುತ್ತದೆ. ನಿಮ್ಮ ಆಫೀಸಿನ ಲೆಕ್ಕ ಶುದ್ಧವಾಗಿಡಿ: ಕಕ್ಷಿದಾರರ ದುಡ್ಡು ಬೇರೆ, ನಿಮ್ಮ ದುಡ್ಡು ಬೇರೆ, ತೆಗೆದುಕೊಂಡ ಪ್ರತಿ ಮೂಲ ದಾಖಲೆಗೂ ರಸೀದಿ. ನಾಳೆ ಬೇರೆಯವರನ್ನು ಇದೇ ವಿಷಯಕ್ಕೆ ಪ್ರಶ್ನಿಸಬೇಕಾಗುತ್ತದೆ. ಕಾಯ್ದೆಯ 35ರಿಂದ 42ರವರೆಗಿನ ಸೆಕ್ಷನ್‌ಗಳನ್ನು ಓದಿ, ಒಂದು ಸಂಜೆ ಸಾಕು. ಓದಿದ ಮೇಲೆ ಸಂಶಯ ಬಂದರೆ ಶನಿವಾರ ಮಧ್ಯಾಹ್ನದ ಮೇಲೆ ಆಫೀಸಿಗೆ ಬನ್ನಿ, ನನ್ನ ಪ್ರತಿಯ ಅಂಚಿನಲ್ಲಿ ಗುರುತು ಹಾಕಿದ್ದೇನೆ, ಜೊತೆಗೆ ಕೂತು ನೋಡೋಣ.